ನೆತ್ತೆರ್ ಧಣಿಯ ದನಿ

"ಮೇಡಂ, ಈ ಕ್ಯಾಸೆಟ್ ಸತ್ತು ಹೋಗಿದೆ."

ಹಿತೇಶ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಷ್ಟೇ ಹೇಳಿದ. ಎದುರಿಗೆ ನಿಂತಿದ್ದವಳ ಕಣ್ಣು ಥಟ್ಟನೆ ತುಂಬಿಕೊಂಡದ್ದು ನೋಡಿ ಅವನಿಗೇ ಗಾಬರಿಯಾಯಿತು.

"ಅಲ್ಲ, ಪೂರ್ತಿ ಸತ್ತದ್ದಲ್ಲ," ಎಂದು ಕೂಡಲೇ ತಿದ್ದಿಕೊಂಡ. "ಐಸಿಯುನಲ್ಲಿ ಉಂಟು ಅಂತ ಇಟ್ಕೊಳ್ಳಿ."

ಯಶ್ಮಿತಾ ಮುಖ ಬೇರೆ ಕಡೆಗೆ ತಿರುಗಿಸಿದಳು. ಅಪರಿಚಿತರ ಎದುರು ಅಳುವುದಿರಲಿ, ಜೋರಾಗಿ ಸೀನುವುದಕ್ಕೂ ನಾಚಿಕೊಳ್ಳುವ ಹುಡುಗಿ ಅವಳು.

ಕೊಟ್ಟಾರ ಜಂಕ್ಷನ್ನಿನ ಹಿಂದಿನ ಕಟ್ಟಡದ ಎರಡನೇ ಮಾಳಿಗೆಯಲ್ಲಿ ಹಿತೇಶನ ಅಂಗಡಿ. ಹಳೆಯ ವಿಡಿಯೋ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡುವುದು ಅವನ ಕೆಲಸ. ಗೋಡೆಯುದ್ದಕ್ಕೂ ಹಳೆಯ ವಿಸಿಆರ್‌ಗಳು, ರಾಶಿ ರಾಶಿ ಮದುವೆ ಕ್ಯಾಸೆಟ್‌ಗಳು. ಅವಳು ತಂದದ್ದು ಮದುವೆಯದ್ದಲ್ಲ. ಅದರ ಬೆನ್ನಿನ ಚೀಟಿಯಲ್ಲಿ ಒಂದು ಇಂಗ್ಲಿಷ್ ಸಿನಿಮಾದ ಹೆಸರು. ತುಂಬ ಹಳೆಯ, ಕಪ್ಪು ಬಿಳುಪಿನ ರಕ್ತಪಿಶಾಚಿಯ ಚಿತ್ರ.

"ಇದಕ್ಕೆ ಯಾಕೆ ಇಷ್ಟು ಕಷ್ಟ?" ಎಂದ ಹಿತೇಶ್, ಹಿಂದಿನ ಕಪಾಟಿನಿಂದ ಹೊಳೆಯುವ ಒಂದು ಡಿಸ್ಕ್ ತೆಗೆದು ಮೇಜಿನ ಮೇಲೆ ಇಟ್ಟ. "ಇದೇ ಫಿಲಂ. ಹೊಸ ಪ್ರಿಂಟ್ ಮಾಡಿ ಹೋದ ತಿಂಗಳು ಬಿಟ್ಟಿದ್ದಾರೆ. ನಾನೇ ಆಸೆಯಿಂದ ತರಿಸಿದ್ದು. ಪಿಶಾಚಿಯ ಹಲ್ಲಲ್ಲಿ ಹುಳುಕು ಉಂಟಾ ಅಂತ ನೋಡಬಹುದು, ಅಷ್ಟು ಕ್ಲಿಯರ್. ಕೊಂಡುಹೋಗಿ ನೋಡಿ, ಮತ್ತೆ ತಂದುಕೊಟ್ರೆ ಸಾಕು."

"ಬೇಡ. ನನಗೆ ಇದೇ ಬೇಕು."

"ಎರಡೂ ಒಂದೇ ಅಲ್ವಾ?"

"ಒಂದೇ ಅಲ್ಲ," ಎಂದಳು ಯಶ್ಮಿತಾ. ಏಕೆ ಎಂಬುದು ನಾಲಗೆಯ ತುದಿಯವರೆಗೆ ಬಂತು... ಅಲ್ಲೇ ನಿಂತಿತು. "ಇದರಲ್ಲಿ ಇರುವುದನ್ನು ಇದ್ದ ಹಾಗೆಯೇ ಉಳಿಸಿಕೊಡಲು ಸಾಧ್ಯವೇ?"

ಹಿತೇಶ್ ಅವಳನ್ನು ಒಮ್ಮೆ ದಿಟ್ಟಿಸಿದ. ತುಟಿಯ ಅಂಚಿನಲ್ಲಿ ನಗು.

"ಸಾಧ್ಯವೇ... ನೀವು ರೇಡಿಯೋದಲ್ಲಿ ವಾರ್ತೆ ಓದುವವರಾ? ಶಿವಮೊಗ್ಗ ಕಡೆಯವರಿರಬೇಕು."

ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕನ್ನಡ ಎಂ.ಎ. ಮಾಡಿದ್ದರಿಂದ ಹೊಸಬರ ಎದುರು ಅವಳ ಬಾಯಿಗೆ ಪುಸ್ತಕದ ಮಾತೇ ಬರುತ್ತಿತ್ತು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಅವನು ನಿರರ್ಗಳ ಕೊಂಕಣಿಯಲ್ಲಿ ಮಾತಿಗಿಳಿದ.

'ಓ, ಕೊಂಕಣಿಯವರು...' ಎಂದುಕೊಂಡು ಅವಳು ಮೆಟ್ಟಿಲಿಳಿದಳು.

*

ಆ ಕ್ಯಾಸೆಟ್ಟಿನಲ್ಲಿ ಯಶ್ಮಿತಾಳ ಅಪ್ಪನ ದನಿ ಇತ್ತು. ಈ ಲೋಕದಲ್ಲಿ ಅದು ಉಳಿದಿದ್ದರೆ ಅಲ್ಲಿ ಮಾತ್ರ.

ಅಪ್ಪ ಜಯಣ್ಣ ಫಳ್ನೀರಿನಲ್ಲಿ ವಿಡಿಯೋ ಲೈಬ್ರರಿ ಇಟ್ಟುಕೊಂಡಿದ್ದರು. ಆ ಪಿಶಾಚಿ ಚಿತ್ರದ ಕ್ಯಾಸೆಟ್ ಬಾಗಿಲ ಪಕ್ಕದಲ್ಲೇ ಇರುತ್ತಿತ್ತು. ಅದರ ಹೊದಿಕೆಯ ಮೇಲೆ ಕಪ್ಪು ನಿಲುವಂಗಿ, ಬಿಳಿಚಿದ ಮುಖ, ಎರಡು ಕೋರೆಹಲ್ಲು. ಆ ಚಿತ್ರ ನೋಡಿ ಐದು ವರ್ಷದ ಯಶು ಅಂಗಡಿಗೆ ಕಾಲಿಡುವುದನ್ನೇ ಬಿಟ್ಟಳು. ಅಪ್ಪನ ಅಂಗಡಿಗೆ ಮಗಳೇ ಬರುವುದಿಲ್ಲ ಎಂದರೆ?

ಜಯಣ್ಣ ಒಂದು ಉಪಾಯ ಮಾಡಿದರು. ಚಿತ್ರವನ್ನು ಬೇರೆ ಕ್ಯಾಸೆಟ್ಟಿಗೆ ಇಳಿಸಿ, ಅದರ ಮಾತಿನ ಜಾಗದಲ್ಲಿ ತಾನೇ ತುಳುವಿನಲ್ಲಿ ಮಾತಾಡಿದರು. ಎಲ್ಲ ಪಾತ್ರಕ್ಕೂ ತನ್ನದೇ ದನಿ. ಪಿಶಾಚಿಗೆ ಭೂತ ಎಂದು ಹೆಸರಿಡೋಣವೆಂದರೆ ಹೆಂಡತಿ ಒಪ್ಪಲಿಲ್ಲ. "ಭೂತ ಅಂದ್ರೆ ನಾವು ಕೈಮುಗಿಯುವ ದೈವ. ಆ ಕೋಟಿನವನಿಗೆ ಅದೇ ಹೆಸರಾ?" ಎಂದು ಗದರಿಸಿದರು. ಕೊನೆಗೆ ಜಯಣ್ಣ ಇಟ್ಟ ಹೆಸರು ನೆತ್ತೆರ್ ಧಣಿ. ರಕ್ತದ ಧಣಿ. "ದೊಡ್ಡ ಮನೆ ಉಂಟು, ಹಗಲಿಡೀ ನಿದ್ದೆ, ಕುಡಿಯುವುದು ಬೇರೆಯವರ ರಕ್ತ. ಧಣಿ ಅಲ್ಲದೆ ಮತ್ತೆಂತ?" ಎನ್ನುತ್ತಿದ್ದರಂತೆ. ಅವರ ಅಜ್ಜ ಗೇಣಿಗೆ ಗದ್ದೆ ಮಾಡಿದವರು.

ಆ ಧಣಿ ಹೆಣ್ಣುಮಗಳೊಬ್ಬಳ ಕಿಟಕಿಯಲ್ಲಿ ಕಾಣಿಸಿಕೊಂಡು, ಬಾಗಿ, ಕೋರೆಹಲ್ಲು ತೋರಿಸಿ, ಊರಿನವರು ದಾರಿಯಲ್ಲಿ ಸಿಕ್ಕಾಗ ಕೇಳುವ ಹಾಗೆ ಕೇಳುತ್ತಿದ್ದ. "ವನಸ್ ಆಂಡಾ?" ಊಟ ಆಯಿತಾ?

ಯಶುವಿನ ಹೆದರಿಕೆ ಅಂದೇ ಹೋಯಿತು.

ಎರಡು ವರ್ಷ ಕಳೆದು ಅಪ್ಪನೂ ಹೋದರು. ಒಂದೇ ವಾರದ ಜ್ವರ. ಅಂಗಡಿ ಮುಚ್ಚಿತು, ಮನೆಯಲ್ಲಿ ಕ್ಯಾಸೆಟ್ ಹಾಕಿ ನೋಡುತ್ತಿದ್ದ ವಿಸಿಪಿ ಕೆಟ್ಟಿತು. ಮೊನ್ನೆ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ತಗಡಿನ ಪೆಟ್ಟಿಗೆಯಲ್ಲಿ ಈ ಕ್ಯಾಸೆಟ್ ಸಿಕ್ಕಿತ್ತು.

ಈಗ ಇಪ್ಪತ್ತಾರರ ಯಶ್ಮಿತಾ ಫಳ್ನೀರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಡಾಕ್ಟರುಗಳು ಹೇಳಿಟ್ಟ ವರದಿಗಳನ್ನು ಟೈಪ್ ಮಾಡುತ್ತಾಳೆ. ಇಡೀ ದಿನ ಯಾರ್ಯಾರದೋ ದನಿ. ಯಾವ ಡಾಕ್ಟರು ಎಲ್ಲಿ ಕೆಮ್ಮುತ್ತಾರೆ ಎಂದೂ ಅವಳಿಗೆ ಗೊತ್ತು. ಆದರೆ ಅಪ್ಪ "ಯಶೂ" ಎಂದು ಹೇಗೆ ಕರೆಯುತ್ತಿದ್ದರು ಎಂಬುದು ಮಾತ್ರ ಮರೆತುಹೋಗಿದೆ. ಮುಖಕ್ಕೆ ಫೋಟೋ ಇದೆ. ದನಿಗೆ ಏನಿದೆ?

*

ಮರುದಿನ ಹಿತೇಶನಿಂದ ಒಂದು ಫೋಟೋ ಬಂತು. ಬಿಚ್ಚಿಟ್ಟ ಕ್ಯಾಸೆಟ್ಟು, ಟೇಪಿನ ಮೇಲೆ ಬಿಳಿ ಬೂಷ್ಟು.

'ರೋಗಿಗೆ ಆಪರೇಷನ್ ಶುರು. ಮನೆಯವರು ಹೆದರಬೇಡಿ.'

ಯಶ್ಮಿತಾ ಮೂರು ಸಲ ಉತ್ತರ ಬರೆದು ಅಳಿಸಿದಳು. ಕೊನೆಗೆ ಕಳಿಸಿದ್ದು 'ಸರಿ' ಎಂಬ ಒಂದೇ ಪದ.

'ನಿಮ್ಮ ಉತ್ತರ ಓದಿ ಓದಿ ಸುಸ್ತಾಯ್ತು,' ಎಂದು ಬಂತು.

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪಕ್ಕದ ಕುರ್ಚಿಯ ಎಸ್ತೆರ್ ಕತ್ತು ಚಾಚಿ ನೋಡಿದಳು. "ಕಿಡ್ನಿ ಸ್ಕ್ಯಾನಲ್ಲಿ ನಗುವಂಥದ್ದು ಎಂತ ಉಂಟು?"

ಮತ್ತೆ ದಿನಕ್ಕೊಂದು ಫೋಟೋ. ಹತ್ತಿಯಿಂದ ಒರೆಸಿದ ಟೇಪು. ಕೈಯಲ್ಲಿ ಸುತ್ತುತ್ತಿರುವ ಚಕ್ರ. ಒಂದು ಸಂಜೆ ಕೆಲಸ ಮುಗಿಸಿ ಅವಳೇ ಕೊಟ್ಟಾರಕ್ಕೆ ಹೋದಳು. ಹಿತೇಶ್ ಏನೂ ಕೇಳದೆ ಅವಳಿಗೊಂದು ಜೊತೆ ಕೈಗವಸು ಕೊಟ್ಟ.

"ನಾನು ತಿರುಗಿಸ್ತೇನೆ, ನೀವು ಒರೆಸಿ. ಒತ್ತಬೇಡಿ. ಮಗುವಿನ ಮೂಗು ಒರೆಸಿದ ಹಾಗೆ."

ಒಂದು ಗಂಟೆ ಅವನು ತಿರುಗಿಸಿದ, ಅವಳು ಒರೆಸಿದಳು. ಒಮ್ಮೆ ಅವನ ಬೆರಳು ಅವಳ ಬೆರಳಿಗೆ ತಗುಲಿತು. ಇಬ್ಬರೂ ಟೇಪನ್ನೇ ನೋಡಿದರು.

"ಒಂದು ಕೇಳ್ತೇನೆ, ಬೇಸರ ಮಾಡಬಾರದು," ಎಂದ ಹಿತೇಶ್. "ಇಲ್ಲಿಗೆ ಬರುವವರೆಲ್ಲ ಸತ್ತವರನ್ನು ಹುಡುಕಿಕೊಂಡು ಬರ್ತಾರೆ. ಅಜ್ಜಿ ಮದುವೆ ಊಟದಲ್ಲಿ ಹಪ್ಪಳ ಮುರಿಯುವುದು ನೋಡಿ ಕಣ್ಣೀರು ಹಾಕ್ತಾರೆ. ನೀವು ಪಿಶಾಚಿಯನ್ನು ಹುಡುಕಿಕೊಂಡು ಬಂದಿದ್ದೀರಿ. ಯಾಕೆ?"

ಹೇಳಬೇಕು ಎನಿಸಿತು. ಹೇಳಿದರೆ ಇವನು ನಗಲಾರ ಎಂದೂ ಅನಿಸಿತು. ಆದರೆ ಅಪ್ಪನ ವಿಷಯ ಬಾಯಿಗೆ ಬಂದರೆ ತಾನು ಖಂಡಿತ ಅಳುತ್ತೇನೆ...

"ಮುಗಿದ ಮೇಲೆ ಹೇಳುತ್ತೇನೆ," ಎಂದಳು.

"ಸರಿ," ಎಂದ ಅವನು, ಥೇಟ್ ಅವಳ ಹಾಗೆ.

ಬಸ್ಸಿನಲ್ಲಿ ಮನೆಗೆ ಬರುವಾಗ ಯಶ್ಮಿತಾಳಿಗೆ ಒಂದು ವಿಚಿತ್ರ ಹೆದರಿಕೆ ಹುಟ್ಟಿತು. ಕ್ಯಾಸೆಟ್ ಸರಿಯಾಗದಿದ್ದರೆ ಎಂಬ ಹೆದರಿಕೆಯ ಪಕ್ಕದಲ್ಲೇ, ಸರಿಯಾಗಿಬಿಟ್ಟರೆ ಮತ್ತೆ ಇಲ್ಲಿಗೆ ಬರಲು ಕಾರಣವೇ ಇರುವುದಿಲ್ಲ ಎಂಬ ಹೆದರಿಕೆ.

*

ಹನ್ನೊಂದನೆಯ ದಿನ ಹಿತೇಶ್ ಪೆನ್‌ಡ್ರೈವ್ ಮತ್ತು ಕ್ಯಾಸೆಟ್ ಎರಡನ್ನೂ ಅವಳ ಅಂಗೈಯಲ್ಲಿಟ್ಟ. ಅವನ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು.

"ಸೌಂಡ್ ಅಂತೂ ಫಸ್ಟ್ ಕ್ಲಾಸ್. ಇಲ್ಲೇ ಹಾಕಿ ತೋರಿಸ್ಲಾ?"

"ಬೇಡ. ಮನೆಯಲ್ಲಿ, ಅಮ್ಮನ ಜೊತೆ ನೋಡುತ್ತೇನೆ."

ಅಮ್ಮ ಕೈ ಒರೆಸಿಕೊಂಡು ಬಂದು ಟಿವಿಯ ಮುಂದೆ ಕೂತರು. ಕೋಟೆ ಬಂತು, ಮಂಜು ಬಂತು. ಶವಪೆಟ್ಟಿಗೆಯ ಮುಚ್ಚಳ ಮೆಲ್ಲನೆ ಸರಿಯಿತು. ಯಶ್ಮಿತಾ ಸದ್ದು ಹೆಚ್ಚಿಸಿದಳು.

ಇಂಗ್ಲಿಷ್.

ಧಣಿ ಇಂಗ್ಲಿಷಿನಲ್ಲಿ ಮಾತಾಡಿದ. ಕಿಟಕಿಯ ಹುಡುಗಿ ಇಂಗ್ಲಿಷಿನಲ್ಲಿ ಕಿರುಚಿದಳು. ಆರಂಭದಿಂದ ಕೊನೆಯವರೆಗೆ, ಶುಭ್ರವಾದ, ಸ್ಪಷ್ಟವಾದ ಇಂಗ್ಲಿಷ್. ಎಲ್ಲಿಯೂ ಅಪ್ಪನಿಲ್ಲ.

"ನೀನು ಆಗ ಚಿಕ್ಕವಳು," ಎಂದರು ಅಮ್ಮ, ಅವಳ ತಲೆ ಸವರಿ. "ಅಪ್ಪ ಪಕ್ಕದಲ್ಲಿ ಕೂತು ಬಾಯಲ್ಲೇ ಹೇಳಿದ್ದನ್ನು ಕ್ಯಾಸೆಟ್‌ನಲ್ಲಿ ಇತ್ತು ಅಂತ ತಿಳ್ಕೊಂಡಿದ್ದೀಯೋ ಏನೋ. ಹೆಸರಿಡುವಾಗ ಗಲಾಟೆ ಮಾಡಿದ್ದು ನನಗೆ ನೆನಪುಂಟು. ಕೂತು ನೋಡಲಿಕ್ಕೆ ನನಗೆ ಪುರುಸೊತ್ತು ಎಲ್ಲಿತ್ತು ಮಗಾ?"

ಇಲ್ಲ. ಕನಸಲ್ಲ. ಹಾಗಾದರೆ...

ಮೇಜಿನ ಮೇಲಿದ್ದ ಆ ಹೊಳೆಯುವ ಡಿಸ್ಕ್ ಅವಳ ಕಣ್ಣ ಮುಂದೆ ಬಂತು. 'ಎರಡೂ ಒಂದೇ ಅಲ್ವಾ?' ಟೇಪು ಕೈಕೊಟ್ಟಿರಬೇಕು. ಅದನ್ನು ಹೇಳುವ ಧೈರ್ಯವಿಲ್ಲದೆ ಡಿಸ್ಕ್‌ನಿಂದ ಕಾಪಿ ಮಾಡಿ ಕೊಟ್ಟಿದ್ದಾನೆ. ಆ ಫೋಟೋಗಳು, ಆ ಕೈಗವಸು, ಆ ನಗು... ಎಲ್ಲ ನಾಟಕವೇ?

ಬೈಯುವುದು ಅವಳಿಗೆ ಬಾರದ ವಿದ್ಯೆ. ಎರಡೇ ಸಾಲು ಬರೆದಳು. 'ಹೊಸ ಡಿಸ್ಕ್‌ನಿಂದ ಕಾಪಿ ಮಾಡಿ ಕೊಡಬಾರದಿತ್ತು. ನಾನು ನಿಮ್ಮನ್ನು ನಂಬಿದ್ದೆ.'

ಕಳಿಸಿದಳು. ಅವನನ್ನು ಬ್ಲಾಕ್ ಮಾಡಿದಳು. ಆಮೇಲೆ ಬಚ್ಚಲಿನ ನಲ್ಲಿ ಜೋರಾಗಿ ತಿರುಗಿಸಿ, ಅದರ ಸದ್ದಿನ ಮರೆಯಲ್ಲಿ ಅತ್ತಳು.

*

ಆರು ದಿನ ಕಳೆಯಿತು. ರಾತ್ರಿ ದಿನಚರಿ ಬರೆಯಲು ಕೂತರೆ ಒಂದೇ ಪ್ರಶ್ನೆ. ಅಪ್ಪ ನಿಜವಾಗಿ ಮಾತಾಡಿದ್ದರೇ, ಇಲ್ಲವೇ? ಅದನ್ನು ಬಲ್ಲವರು ಇನ್ನೊಬ್ಬರೇ ಉಳಿದಿದ್ದರು. ಅಪ್ಪನ ಲೈಬ್ರರಿಯ ಪಕ್ಕದಲ್ಲಿ ಫಾರಿನ್ ಸಾಮಾನಿನ ಅಂಗಡಿ ಇಟ್ಟಿದ್ದ ಕಾಸಿಂ ಕಾಕ. ಭಾನುವಾರ ಬೆಳಿಗ್ಗೆ ಅವಳು ಅವರ ಮನೆಯ ಗೇಟು ತೆರೆದಳು.

"ಕನಸಾ?" ಕಾಸಿಂ ಕಾಕ ಕುರ್ಚಿಯಲ್ಲಿ ನೆಟ್ಟಗಾದರು. "ಎಂತ ಕನಸು? ನನ್ನ ಅಂಗಡಿಯ ಒಳಕೋಣೆಯಲ್ಲಿ ಕೂತು ಮಾಡಿದ್ದು ಜಯಣ್ಣ. ಮೂರು ಮಧ್ಯಾಹ್ನ. ಫ್ಯಾನಿನ ಸದ್ದು ಬರ್ತದೆ ಅಂತ ಫ್ಯಾನ್ ಬಂದ್. ಬೆವರಿ ನೀರಾಗಿದ್ದ ಮಾರಾಯ್ತಿ."

"ನಾನು ಶರಬತ್ತು ಕಳಿಸಿದ್ದೆ," ಎಂದರು ಅವರ ಹೆಂಡತಿ ಖೈರುನ್ನಿಸಾ. "ಗ್ಲಾಸು ಟಣ್ ಅಂತ ಇಟ್ಟದ್ದೂ ರೆಕಾರ್ಡ್ ಆಯ್ತು ಅಂತ ಇವರು ನನಗೆ ಬೈದದ್ದು. ಗ್ಲಾಸು ಇಟ್ಟದ್ದು ಯಾರು, ಬೈಗುಳ ತಿಂದದ್ದು ಯಾರು."

ಯಶ್ಮಿತಾ ಕುರ್ಚಿಯ ಅಂಚಿಗೆ ಸರಿದಳು. "ಆದರೆ ಕಾಕಾ, ಕ್ಯಾಸೆಟ್‌ನಿಂದ ಇಂಗ್ಲಿಷೇ ಬರ್ತಾ ಉಂಟು. ಅಪ್ಪ ಇಲ್ಲ."

"ಯಾವ ಮೆಷಿನಿಗೆ ಹಾಕಿದ್ದು?"

"ಕೊಟ್ಟಾರದಲ್ಲಿ ಒಬ್ಬರು... ತುಂಬ ಒಳ್ಳೆಯ ಮೆಷಿನ್."

"ಅದೇ," ಎಂದು ಕಾಕ ತೊಡೆ ತಟ್ಟಿದರು. "ಮಗಾ, ಜಯಣ್ಣ ಬಳಸಿದ್ದು ನಾನು ದುಬಾಯಿಂದ ತಂದ ಮೆಷಿನ್. ಅದರಲ್ಲಿ ಟೇಪಿಗೆ ಎರಡು ಸೌಂಡು. ಫಿಲಂನ ಒಳ್ಳೆ ಸೌಂಡು ಚಿತ್ರದ ಜೊತೆಗೇ ಇರ್ತದೆ, ಅಳಿಸಲಿಕ್ಕೆ ಆಗುವುದಿಲ್ಲ. ಟೇಪಿನ ಅಂಚಿನಲ್ಲಿ ಇನ್ನೊಂದು ಸಾದಾ ಸೌಂಡು ಉಂಟು. ಮೈಕ್ ಹಾಕಿದ್ರೆ ಮಾತು ಆ ಅಂಚಿಗೆ ಹೋಗ್ತದೆ. ನಿಮ್ಮ ಮನೆಯ ವಿಸಿಪಿ ಬಡ ಮೆಷಿನ್, ಅದಕ್ಕೆ ಅಂಚಿನದ್ದು ಮಾತ್ರ ಕೇಳ್ತಿತ್ತು. ಒಳ್ಳೆ ಮೆಷಿನ್ ಒಳ್ಳೆ ಸೌಂಡನ್ನೇ ಹುಡುಕಿ ಕೊಡ್ತದೆ."

ಯಶ್ಮಿತಾ ಎದ್ದು ನಿಂತಳು.

ಹಿತೇಶ್ ಮೋಸ ಮಾಡಿರಲಿಲ್ಲ. ತನ್ನಲ್ಲಿದ್ದ ಅತ್ಯುತ್ತಮ ಮೆಷಿನ್ನಿಗೆ ಹಾಕಿದ್ದ. ಅಷ್ಟೇ ಅವನ ತಪ್ಪು. ಏನನ್ನು ಹುಡುಕಬೇಕು ಎಂದು ಹೇಳದೇ ಇದ್ದವಳು ತಾನು.

ಫೋನಿನಲ್ಲಿ ಕ್ಷಮೆ ಬರೆಯಬಹುದಿತ್ತು. ಎದುರು ನಿಂತು ಹೇಳುವುದಕ್ಕಿಂತ ಬರೆಯುವುದು ಅವಳಿಗೆ ಸುಲಭ. ಆದರೆ ಆ ಎರಡು ಸಾಲನ್ನು ಬರೆದ ಬೆರಳಿನಿಂದ ಮತ್ತೆ ಬರೆಯಲು ಮನಸ್ಸು ಬರಲಿಲ್ಲ. ಮನೆಗೆ ಹೋಗಿ ಕ್ಯಾಸೆಟ್ ತೆಗೆದುಕೊಂಡು ಕೊಟ್ಟಾರದ ಬಸ್ಸು ಹತ್ತಿದಳು.

*

ಹಿತೇಶ್ ಯಾವುದೋ ವಿಸಿಆರ್ ಬಿಚ್ಚಿಕೊಂಡು ಕೂತಿದ್ದ. ತಲೆ ಎತ್ತಿದ. ಮತ್ತೆ ಬಗ್ಗಿಸಿದ.

"ಬ್ಲಾಕ್ ಮಾಡಿದವರು ಖುದ್ದಾಗಿ ಬಂದ್ರಲ್ಲ."

"ತಪ್ಪು ನನ್ನದು."

"ಡಿಸ್ಕಿಂದ ಕಾಪಿ ಮಾಡಲಿಕ್ಕೆ ಹನ್ನೊಂದು ನಿಮಿಷ ಸಾಕಿತ್ತು, ಗೊತ್ತುಂಟಾ? ನಾನು ಹನ್ನೊಂದು ದಿನ ಕೂತೆ." ಅವನ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ಗಿರಾಕಿ ಬೈದ್ರೆ ನನಗೆಂತ ಇಲ್ಲ. ನೀವು ಗಿರಾಕಿ ಅಲ್ಲ ಅಂತ ನಾನೇ ತಿಳ್ಕೊಂಡಿದ್ದೆ. ಅದು ನನ್ನ ತಪ್ಪು."

ಹಿಂದಿರುಗಿ ಓಡಿಬಿಡಲೇ ಎನಿಸಿತು ಅವಳಿಗೆ. ಓಡಲಿಲ್ಲ. ಕ್ಯಾಸೆಟ್ಟನ್ನು ಎದೆಗೆ ಒತ್ತಿಹಿಡಿದು ನಿಂತು ಮಾತಾಡಿದಳು. ಅಂಗಡಿಯ ಬಾಗಿಲಿನ ಪಿಶಾಚಿ, ಹೆದರಿದ ಐದು ವರ್ಷದ ಮಗು, ಫ್ಯಾನ್ ಬಂದ್ ಮಾಡಿ ಬೆವರಿದ ಅಪ್ಪ, ಎರಡು ಸೌಂಡು. ಜೀವನದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತನ್ನು ಅವಳು ಯಾರ ಬಳಿಯೂ ಆಡಿರಲಿಲ್ಲ. ಅತ್ತೇ ಅತ್ತಳು. ಆದರೂ ನಿಲ್ಲಿಸಲಿಲ್ಲ.

"ಕಿಟಕಿಯಲ್ಲಿ ಬಂದು ಕೇಳ್ತಾನೆ, ವನಸ್ ಆಂಡಾ ಅಂತ..."

ಹಿತೇಶನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು.

"ನಿಮಗೆ ತುಳು ಬರ್ತದಾ?"

"ಮನೆಯಲ್ಲಿ ಮಾತಾಡುವುದೇ ತುಳು."

"ಮತ್ತೆ ಇಷ್ಟು ದಿನ ನನ್ನ ಹತ್ರ ಆ ಪೇಪರಿನ ಕನ್ನಡ?"

"ನೀವು ಕೊಂಕಣಿಯವರಲ್ವಾ? ಫೋನಿನಲ್ಲಿ..."

"ಅದು ಗಿರಾಕಿಗಳ ಭಾಷೆ ಮಾರಾಯ್ರೆ. ನಾನು ಕೂಳೂರಿನವ. ನನ್ನ ಅಮ್ಮ ದನಕ್ಕೆ ಬೈಯುವುದೂ ತುಳುವಿನಲ್ಲೇ." ಅವನು ನಗಲು ಹೊರಟು ಅರ್ಧದಲ್ಲೇ ನಿಂತ. ಮುಖದ ಬಣ್ಣ ಇಳಿದಿತ್ತು. "ಯಶ್ಮಿತಾ... ನಾನು ಅವರ ದನಿ ಕೇಳಿದ್ದೇನೆ."

"ಏನು?"

"ಟೇಪು ಹಾಳಾದಲ್ಲಿ ಒಳ್ಳೆ ಸೌಂಡು ಕಟ್ ಆಗ್ತದೆ. ಆಗ ಮೆಷಿನ್ ತಾನಾಗಿಯೇ ಅಂಚಿನ ಸೌಂಡಿಗೆ ಬದಲಾಗ್ತದೆ. ಎರಡು ಕಡೆ, ಅರ್ಧರ್ಧ ಸೆಕೆಂಡು, ಯಾರೋ ತುಳುವಿನಲ್ಲಿ ಮಾತಾಡಿದ ಹಾಗೆ ಕೇಳಿತು. ನಿಮ್ಮದು ಘಟ್ಟದ ಮೇಲಿನ ಮನೆ, ಇದರಲ್ಲಿ ತುಳು ಎಲ್ಲಿಂದ ಅಂತ ಯೋಚಿಸಿದೆ. ಯಾರೋ ನಡುವೆ ಕಸ ತುಂಬಿಸಿದ್ದಾರೆ ಅಂತ..." ಅವನು ಹಣೆಗೆ ಕೈ ಹಚ್ಚಿದ. "ಒಂದಿಡೀ ದಿನ ಕೂತು ಅದನ್ನು ನಾನೇ ತೆಗೆದೆ. ನಿಮಗೆ ಶುದ್ಧ ಮಾಡಿ ಕೊಡಬೇಕು ಅಂತ."

ತುಳುವಿನವಳ ಮುಂದೆ ತುಳುವಿನವನು ಕನ್ನಡ ಆಡಿ, ಅವಳ ಅಪ್ಪನನ್ನೇ ಒರೆಸಿ ಚೊಕ್ಕಟ ಮಾಡಿ ಕೊಟ್ಟಿದ್ದ.

"ಟೇಪಿನಲ್ಲಿ ಇನ್ನೂ ಇದೆಯಲ್ಲ?" ಎಂದು ಕೇಳಿದಳು ಮೆಲ್ಲನೆ.

"ಉಂಟು. ಆದರೆ ಮೊದಲ ಸಲ ಓಡಿಸಿದಾಗಲೇ ಪುಡಿ ಉದುರಿತ್ತು. ಇನ್ನೊಮ್ಮೆ ತಡೆಯುತ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ತುಂಡಾದ್ರೆ... ನನ್ನ ಮೇಲೆ ಮತ್ತೊಮ್ಮೆ ನಂಬಿಕೆ ಇಡಬೇಕಾಗ್ತದೆ."

ಯಶ್ಮಿತಾ ಕ್ಯಾಸೆಟ್ಟನ್ನು ಅವನ ಕೈಗೆ ಕೊಟ್ಟಳು.

"ಹಾಕಿ."

ಅಂಚಿನ ಸೌಂಡು ಬರಲೆಂದು ಅವನು ಮೆಷಿನ್ನಿನ ಒಂದು ಸಣ್ಣ ಗುಂಡಿಯನ್ನು ಎಡಕ್ಕೆ ಸರಿಸಿದ. ರೆಕಾರ್ಡಿಂಗ್ ಚಾಲೂ ಮಾಡಿದ. ಚಕ್ರ ತಿರುಗಿತು. ಮೊದಲು ಬರೀ ಸುಂಯ್ ಎಂಬ ಸದ್ದು. ಕೋಟೆ. ಮಂಜು. ಆಮೇಲೆ ಯಾರೋ ಮೈಕನ್ನು ಬೆರಳಲ್ಲಿ ತಟ್ಟಿದರು.

"ಹಲೋ... ಕೇಣುಂಡಾ?"

ಕೇಳಿಸುತ್ತಿದೆಯಾ?

ತುಸು ಒಡಕು, ತುಸು ಮೂಗಿನ ದನಿ. ಸಂಕೋಚದ ದನಿ. ತನ್ನಂಥದ್ದೇ ದನಿ ಎಂದು ಅವಳಿಗೆ ಆಗಲೇ ಗೊತ್ತಾದದ್ದು.

"ಕೇಣುಂಡು," ಎಂದಳು ಯಶ್ಮಿತಾ ಪರದೆಗೆ. ಇಪ್ಪತ್ತು ವರ್ಷ ತಡವಾಗಿ.

ಧಣಿ ಎದ್ದ, ಕಿಟಕಿಗೆ ಬಂದ, ಊಟ ವಿಚಾರಿಸಿದ. ಆಗ ಅಪ್ಪನ ಮಾತಿನ ಹಿಂದೆ ಇನ್ನೊಂದು ಸದ್ದು ಕೇಳಿಸಿತು. ಮಗುವೊಂದು ಕಿಲಕಿಲ ನಗುತ್ತಿತ್ತು. "ಶ್, ಯಶೂ, ರೆಕಾರ್ಡ್ ಆಪುಂಡು," ರೆಕಾರ್ಡ್ ಆಗ್ತಿದೆ ಎಂದು ಅಪ್ಪನ ಪಿಸುಮಾತು, ಆಮೇಲೆ ತಡೆಯಲಾಗದೆ ಅವರದೇ ನಗು. ರೆಕಾರ್ಡ್ ಮಾಡುವಾಗ ತಾನು ಅಲ್ಲಿ, ಬಹುಶಃ ಅವರ ಮಡಿಲಲ್ಲೇ, ಇದ್ದೆನೆಂಬುದು ಅವಳಿಗೆ ತಿಳಿದೇ ಇರಲಿಲ್ಲ.

ಯಶೂ. ಕೊನೆಯ ಅಕ್ಷರವನ್ನು ಎಳೆದು, ತುಸು ಮೇಲಕ್ಕೆತ್ತಿ... ಹೀಗೆ ಕರೆಯುತ್ತಿದ್ದರು.

ಚಿತ್ರ ಮುಗಿಯುವವರೆಗೂ ಹಿತೇಶ್ ಸ್ಟಾಪ್ ಗುಂಡಿಯ ಮೇಲಿಂದ ಬೆರಳು ತೆಗೆಯಲಿಲ್ಲ. ಕೊನೆಯ ಎರಡು ನಿಮಿಷ ಉಳಿದಾಗ ಟೇಪು ಕೀರಲಾಗಿ ಕೂಗಿತು. ತುಂಡಾಗಲಿಲ್ಲ. ಚಕ್ರ ನಿಂತಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಬಂತು," ಎಂದ. "ಪೂರ್ತಿ ಬಂತು."

ಹೊರಗೆ ಹೆದ್ದಾರಿಯ ಲಾರಿಗಳ ಹಾರ್ನು. ಸಂಜೆಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಿತ್ತು. ಯಶ್ಮಿತಾ ಕಣ್ಣೊರೆಸಿಕೊಂಡು ಎದ್ದಾಗ ಹಿತೇಶನೂ ಎದ್ದ. ಅವನು ಮೊದಲ ಬಾರಿಗೆ ಅವಳೊಡನೆ ತುಳುವಿನಲ್ಲಿ ಮಾತಾಡಿದ. ಯಾವಾಗಲೂ ಹರಳು ಹುರಿದಂತೆ ಮಾತಾಡುವವನು ಈಗ ಒಂದೊಂದೇ ಪದ ಹುಡುಕಿದ.

"ಎಂಕ್ ಈರ್ ಪಂಡ... ಮಸ್ತ್ ಇಷ್ಟ."

ನನಗೆ ನೀವೆಂದರೆ ತುಂಬ ಇಷ್ಟ.

ಯಶ್ಮಿತಾ ತಲೆ ತಗ್ಗಿಸಿದಳು.

"ಈರ್ ಅತ್ತ್," ಎಂದಳು.

ನೀವಲ್ಲ. ಹಿತೇಶನ ಮುಖ ಬಾಡಿತು. "ಅತ್ತಾ?"

"ಈರ್ ಅತ್ತ್." ಅವಳು ಕಣ್ಣೆತ್ತಿದಳು. ಕೆನ್ನೆ ಕಿವಿಯವರೆಗೆ ಕೆಂಪಾಗಿತ್ತು. "ಈ."

ತುಳುವಿನಲ್ಲಿ ಈರ್ ಎಂದರೆ ನೀವು. ಈ ಎಂದರೆ ನೀನು. ಈರ್ ಎಂದು ಕರೆಯಲು ಪರಿಚಯ ಸಾಕು. ಈ ಎನ್ನಲು ತನ್ನವರೇ ಆಗಬೇಕು.

ಅವನಿಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ನಗು ಮುಖ ತುಂಬ ಹರಡಿತು.

"ಈ..." ಎಂದು ಮೆಲ್ಲನೆ ಹೇಳಿ ನೋಡಿದ. "ಈ ಎಲ್ಲೆ ಬರ್ಪನಾ?"

ನೀನು ನಾಳೆ ಬರ್ತೀಯಾ?

"ಬರ್ಪೆ," ಎಂದಳು. "ಅಮ್ಮನನ್ನೂ ಕರ್ಕೊಂಡು."

"ಅಮ್ಮನ ಹತ್ರ ಎಂತ ಹೇಳ್ತಿ?"

"ಅಪ್ಪ ಮಾತಾಡ್ತಿದ್ದಾರೆ, ಬಾ ಅಂತ ಹೇಳ್ತೇನೆ." ಅವಳು ಬಾಗಿಲವರೆಗೆ ಹೋಗಿ ತಿರುಗಿದಳು. "ಉಳಿದದ್ದು ನೀನೇ ಹೇಳು."